ದೊಡ್ಡ ಮರ, ಕಾಣದ ಜೀವಿ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ವಿಜ್ಞಾನದ ಬಗ್ಗೆ ಎರಡು ಮಾತು ಹೇಳಬೇಕೆಂದು ಗುರುಗಳ ಅಪ್ಪಣೆ. ಎರಡು ಜೀವಿಗಳನ್ನು ಹೋಲಿಸಿ ಹೇಳುತ್ತೇನೆ.

ಒಂದು, ಪಶ್ಚಿಮ ಘಟ್ಟದ ಮಳೆಕಾಡಿನ ಅಪರೂಪದ ಮರ, ನಗೇಯ ವಾಲಿಚಿಯಾನ. ಇದು ಪೈನ್, ದೇವದಾರುಗಳಂತೆ ಕೋನಿಫರ್ ಜಾತಿಯದು. ಹಿಮಾಲಯದಲ್ಲಿ ಕೋನಿಫರ್ ಮರಗಳು ಬಹಳ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವುದು ಇದೊಂದೇ. ಇನ್ನೊಂದು, ರೋಣ, ನರಗುಂದ, ಗಜೇಂದ್ರಗಡದ ಹೊಲಗಳಲ್ಲಿ ಹೆಸರಿನ ಬೇರಿಗೆ ಗಂಟು ಕಟ್ಟುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ.

ಪ್ರತಿ ಜೀವಿಯೊಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಪ್ರೋಗ್ರಾಂ ಇದೆ, ಅದೇ ಡಿಎನ್‌ಎ. ನಗೇಯದ ದೂರದ ಬಂಧು ನಾರ್ವೆ ಸ್ಪ್ರೂಸ್ ಮರದ್ದನ್ನು 2013ರಲ್ಲಿ ಓದಿದರು. ಸುಮಾರು 2,000 ಕೋಟಿ ಅಕ್ಷರ, ಮನುಷ್ಯನದಕ್ಕಿಂತ ಆರೇಳು ಪಟ್ಟು! ಹೆಸರಿನ ಬ್ಯಾಕ್ಟೀರಿಯಾದ ಹತ್ತಿರದ ಬಂಧು, ಸೋಯಾ ಬೇರಿನಲ್ಲಿರುವುದನ್ನು 2002ರಲ್ಲಿ ಓದಿದರು. ಕೇವಲ 91 ಲಕ್ಷ. ಆದರೆ ಕೆಲಸ ಮಾಡುವ ಜೀನ್‌ಗಳನ್ನು ಎಣಿಸಿದರೆ ಮರದಲ್ಲಿ ಸುಮಾರು 28,000, ಬ್ಯಾಕ್ಟೀರಿಯಾದಲ್ಲಿ ಸುಮಾರು 8,300. ಮರದ ಬರಹದಲ್ಲಿ ಬಹುಪಾಲು ಬರೆದದ್ದನ್ನೇ ಮತ್ತೆ ಮತ್ತೆ ಬರೆದದ್ದು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಅಷ್ಟುದ್ದದ ಬರಹವಿರುವ ಮರಕ್ಕೆ ಅದನ್ನು ನೇರವಾಗಿ ತಿನ್ನಲು ಬಾರದು. ಯೂರಿಯಾ ಕಾರ್ಖಾನೆಗೆ 400 ಡಿಗ್ರಿ ಕಾವು, ಭಾರೀ ಒತ್ತಡ ಬೇಕು. ಈ ಸಣ್ಣ ಜೀವಿ ಅದನ್ನು ಹೊಲದ ಮಣ್ಣಿನಲ್ಲೇ ಸದ್ದಿಲ್ಲದೆ ಮಾಡುತ್ತದೆ. ಬದಲಿಗೆ ಬೆಳೆಯಿಂದ ಒಂದಿಷ್ಟು ಸಕ್ಕರೆ ಪಡೆಯುತ್ತದೆ. ಯೂರಿಯಾ ಹೆಚ್ಚು ಸುರಿದರೆ ಬೆಳೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಕಪ್ಪತಗುಡ್ಡಕ್ಕಾಗಿ ನಮ್ಮ ಜಿಲ್ಲೆಯ ಜನ ಬೀದಿಗಿಳಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಮರ ಕಡಿದರೆ ಕಣ್ಣಿಗೆ ಕಾಣುತ್ತದೆ. ಮಣ್ಣಿನ ಜೀವ ಕುಂದಿದರೆ ಕಾಣುವುದಿಲ್ಲ, ಅದಕ್ಕಾಗಿ ಯಾರೂ ಬೀದಿಗಿಳಿಯುವುದಿಲ್ಲ. ಅದನ್ನು ಕಾಯಬೇಕಾದವರು ಒಕ್ಕಲುತನ ಮಾಡುವ ನಾವೇ.

ಹಿರಿಯರಲ್ಲಿ ನನ್ನ ವಿನಂತಿ: ಗೋವಿನಜೋಳ ಎಷ್ಟೇ ಲಾಭ ಕೊಡಲಿ, ಹೆಸರು, ಕಡಲೆಯ ಸರದಿ ಬಿಡಬೇಡಿ. ಬಿತ್ತುವ ಮುಂಚೆ ರೈಜೋಬಿಯಂ ಪುಡಿಯನ್ನು ತಣ್ಣಗಿನ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ.

ಮಕ್ಕಳೇ, ಬಿತ್ತಿದ ತಿಂಗಳ ಮೇಲೆ ಒಂದು ಹೆಸರಿನ ಗಿಡವನ್ನು ಮಣ್ಣುಸಮೇತ ಅಗೆದು ಬೇರಿನ ಗಂಟು ಸೀಳಿ ನೋಡಿ. ಒಳಗೆ ಕೆಂಪು ಛಾಯೆ ಇದ್ದರೆ ಕೆಲಸ ನಡೆದಿದೆ. ಇದಕ್ಕೆ ಪ್ರಯೋಗಾಲಯ ಬೇಡ, ಉಗುರು ಸಾಕು. ಕಂಡದ್ದನ್ನು ಮನೆಯವರಿಗೂ ತೋರಿಸಿ.