ರಾಜೀನಾಮೆ ಎರಡನೆಯ ಹೆಜ್ಜೆ

ನಿಮ್ಮ ಆಫೀಸಿನ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನೋಡಿ. ಮುಂದಿನ ಪುಟಗಳಲ್ಲಿ ಮೀಟಿಂಗಿನ ಟಿಪ್ಪಣಿ, ಡೆಡ್‌ಲೈನು, ಯಾರಿಗೋ ಮಾಡಬೇಕಾದ ಫೋನು. ಹಿಂದಿನ ಪುಟಗಳಲ್ಲಿ ಎದುರು ಕೂತ ಮ್ಯಾನೇಜರರ ಮೂಗಿನ ಚಿತ್ರ, ಅರ್ಧಕ್ಕೆ ನಿಂತ ಪದ್ಯ, ಇನ್ನೂ ಹೆಸರಿಡದ ನಾಟಕದ ನಾಲ್ಕು ಮಾತು. ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿರಲಿ, ಹುಬ್ಬಳ್ಳಿಯ ಬ್ಯಾಂಕಿನಲ್ಲಿರಲಿ, ನಿಮ್ಮ ನಿಜವಾದ ಬಯೋಡೇಟಾ ಇರುವುದು ಆ ಹಿಂದಿನ ಪುಟಗಳಲ್ಲೇ.

ಯಾರೋ ಕೆಲಸ ಬಿಟ್ಟು ಗೆದ್ದ ರೀಲ್ಸ್ ನೋಡಿದ ರಾತ್ರಿ ‘ನಾಳೆಯೇ ಪೇಪರ್ ಹಾಕ್ತೀನಿ’ ಅನಿಸುತ್ತದೆ. ತಿಂಗಳ ಕೊನೆಗೆ ಸಂಬಳದ ಮೆಸೇಜು ಬಂದಾಗ ಆ ಶೌರ್ಯ ಇಳಿಯುತ್ತದೆ. ಹೀಗೆ ಏರುತ್ತ ಇಳಿಯುತ್ತಲೇ ಹತ್ತು ವರ್ಷ ಸವೆಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ಧೈರ್ಯ ಕಡಿಮೆಯಿತ್ತು ಎಂದು ನಾನು ಹೇಳಲಾರೆ. ರಾಜೀನಾಮೆಯನ್ನೇ ಮೊದಲ ಹೆಜ್ಜೆ ಎಂದುಕೊಂಡರು, ಅಷ್ಟೆ. ಅದು ಎರಡನೆಯದು. ಮೊದಲನೆಯದನ್ನು ಕೆಲಸದಲ್ಲಿದ್ದುಕೊಂಡೇ ಇಡಬೇಕು.

ಗಿರೀಶ ಕಾರ್ನಾಡರನ್ನೇ ನೋಡಿ. ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು 1963ರಲ್ಲಿ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಸೇರಿದರು. ಯಾರೇ ಆದರೂ ಕಣ್ಣು ಹಾಕುವಂಥ ನೌಕರಿ. ‘ತುಘಲಕ್’ ಬಂದದ್ದು 1964ರಲ್ಲಿ, ಅಂದರೆ ಆ ನೌಕರಿಯಲ್ಲಿದ್ದಾಗಲೇ. ಪೂರ್ಣಾವಧಿ ಬರವಣಿಗೆಗೆಂದು ಕೆಲಸ ಬಿಟ್ಟದ್ದು 1970ರಲ್ಲಿ. ಅಷ್ಟು ಹೊತ್ತಿಗೆ ಅವರು ನಾಟಕಕಾರ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆಸರೆಗೆ ಹೋಮಿ ಭಾಭಾ ಫೆಲೋಶಿಪ್ಪೂ ಇತ್ತು. ಮರುವರ್ಷವೇ ‘ಹಯವದನ’ ಬಂತು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ದಾರಿ ಬೇರೆ. ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. ತಮಗಿಂತ ಕಿರಿಯರಿಗೆ ಬಡ್ತಿ ಸಿಕ್ಕಾಗ ರಾಜೀನಾಮೆ ಕೊಟ್ಟು ಹೊರಬಂದರು. ಸಿಟ್ಟಿನಲ್ಲಿ ಹೊರಬಂದವರೆಲ್ಲ ಮಾಸ್ತಿ ಆಗುವುದಿಲ್ಲ. ಅವರಾದರೋ ಸರ್ಕಾರಿ ಕಡತಗಳ ನಡುವೆಯೇ ದಶಕಗಳ ಕಾಲ ಕತೆ ಬರೆದು, ಕನ್ನಡ ಸಣ್ಣಕತೆಗೆ ನೆಲೆ ಒದಗಿಸಿ ಬಂದಿದ್ದರು. ಹೊರಬಂದ ಮೇಲೆ ಬರೆದ ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂತು.

ಜಯಂತ ಕಾಯ್ಕಿಣಿ ಮುಂಬಯಿಯ ಔಷಧಿ ಕಂಪನಿಯಲ್ಲಿ ಕೆಮಿಸ್ಟ್ ಆಗಿ ವರ್ಷಗಟ್ಟಲೆ ದುಡಿದರು. ಆ ಊರಿನ ಲೋಕಲ್ ರೈಲು, ಚಾಳು, ಬಾಡಿಗೆ ಕೋಣೆಗಳೇ ಅವರ ಕತೆಗಳಾದವು. ಆ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಸಾಹಿತ್ಯ ಪ್ರಶಸ್ತಿ ಸಂದಿತು. ಆದ್ದರಿಂದ ನೌಕರಿಯ ವರ್ಷಗಳನ್ನು ದಂಡವೆಂದು ತಳ್ಳಿಹಾಕಬೇಡಿ. ನಿಮ್ಮ ಕ್ಯಾಬಿನ ಡ್ರೈವರು, ಕ್ಯಾಂಟೀನಿನ ಜಗಳ, ಅಪ್ರೈಸಲ್‌ ದಿನದ ಮುಖಗಳು ಇವೆಲ್ಲ ನಿಮ್ಮ ಬಂಡವಾಳ.

ಇನ್ನು ಲೆಕ್ಕದ ಮಾತು. ದುಡ್ಡಿನ ಮಾತಾಡಿದರೆ ಕಲೆಗೆ ಮೈಲಿಗೆಯಾಗದು. ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಿ. ಹೊರಗಿನ ಕೆಲಸಕ್ಕೆ ಹಣ ಪಡೆಯುವ ಬಗ್ಗೆ ಷರತ್ತು ಇರಬಹುದು, ಸರ್ಕಾರಿ ನೌಕರರಿಗಂತೂ ನಿಯಮ ಇನ್ನೂ ಬಿಗಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಮ್ಮ ಚಿತ್ರಕತೆ ಬರೆಯಬೇಡಿ. ಕೆಲಸ ಬಿಟ್ಟರೆ ಕಂಪನಿ ಕೊಟ್ಟ ಆರೋಗ್ಯ ವಿಮೆಯೂ ಹೋಗುತ್ತದೆ. ಅಪ್ಪ ಅಮ್ಮನನ್ನೂ ಸೇರಿಸಿ ಸ್ವಂತ ಪಾಲಿಸಿ ಮೊದಲೇ ಮಾಡಿಸಿ. ಹೊಸ ಇಎಂಐ ತಲೆಗೆ ಕಟ್ಟಿಕೊಳ್ಳಬೇಡಿ, ಪಿಎಫ್ ಮುಟ್ಟಬೇಡಿ. ‘ಬಜೆಟ್ ಇಲ್ಲ ಸಾರ್, ಆದ್ರೆ ಒಳ್ಳೇ ಹೆಸರು ಬರುತ್ತೆ’ ಎನ್ನುವವರು ನಾಳೆಯಿಂದಲೇ ಸಿಗುತ್ತಾರೆ. ನಗುತ್ತಲೇ ರೇಟು ಹೇಳಿ, ಅಡ್ವಾನ್ಸ್ ಕೇಳಿ, ಮಾತನ್ನು ಬರಹದಲ್ಲಿ ಪಡೆಯಿರಿ. ಸಿನಿಮಾಕ್ಕೆ ಹಾಡು ಬರೆಯುವವರು, ರಾಗ ಹಾಕುವವರು ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡಬೇಕಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಆ ಹಕ್ಕನ್ನು ಕಾಯುತ್ತದೆ. ತಿಳಿಯದೆ ಸಹಿ ಹಾಕಬೇಡಿ.

‘ಇರೋ ಕೆಲಸ ಬಿಟ್ಟು ಏನ್ ಮಾಡ್ತೀಯ ಮಗಾ?’ ಎಂದು ಅಪ್ಪ ಕೇಳುತ್ತಾರೆ. ಹೆಣ್ಣುಮಕ್ಕಳಿಗಾದರೆ ‘ಮದುವೆ ಆದ್ಮೇಲೆ ನೋಡ್ಕೊಳ್ಳೋಣ’ ಎಂಬ ಮಾತೂ ಸೇರುತ್ತದೆ. ವಾದಕ್ಕಿಳಿಯಬೇಡಿ. ಮುಗಿಸಿದ ಕಿರುಚಿತ್ರ ತೋರಿಸಿ, ಮಾರಾಟವಾದ ಚಿತ್ರದ ರಸೀದಿ ತೋರಿಸಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ಜನವರಿ ನಡೆಯುವ ಚಿತ್ರಸಂತೆಗೆ ಅವರನ್ನೂ ಕರೆದುಕೊಂಡು ಹೋಗಿ. ಅಪರಿಚಿತರೊಬ್ಬರು ಚೌಕಾಸಿ ಮಾಡಿ ಮಗಳ ಚಿತ್ರ ಕೊಳ್ಳುವುದನ್ನು ಕಣ್ಣಾರೆ ಕಂಡ ಅಪ್ಪನಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಹಾಗಾದರೆ ಬಿಡುವುದು ಯಾವಾಗ? ಬಾಸ್ ಬೈದ ದಿನವಲ್ಲ. ಬೆಳಗಿನ ಎರಡು ಗಂಟೆ, ವಾರದ ಎರಡು ರಜೆ ನಿಮ್ಮ ಕಲೆಗೆ ಸಾಲದಾದಾಗ, ಒಪ್ಪಿಕೊಂಡ ಕೆಲಸ ಕೈಮೀರಿ ನಿಂತಾಗ. ಆ ದಿನ ಬಂದ ಮೇಲೆ ‘ಪ್ರಮೋಷನ್ ಆಗಲಿ, ಬೋನಸ್ ಬರಲಿ, ಸೈಟಿನ ಸಾಲ ತೀರಲಿ’ ಎನ್ನುತ್ತ ಕೂತರೆ, ಅದುವರೆಗಿನ ಜಾಣತನವೇ ಹೇಡಿತನವಾಗುತ್ತದೆ.

ಆ ದಿನವನ್ನು ಹತ್ತಿರ ತರುವ ಕೆಲಸ ಇವತ್ತೇ ಶುರುವಾಗಲಿ. ಬಂದ ದಿನ ಪೇಪರ್ ಹಾಕಿ. ನೋಟಿಸ್ ಪೀರಿಯಡ್ ಮರ್ಯಾದೆಯಿಂದ ಮುಗಿಸಿ. ಮುಂದಿನ ಸೋಮವಾರ ಬೆಳಿಗ್ಗೆ 9ಕ್ಕೆ ನಿಮ್ಮ ಕೆಲಸಕ್ಕೆ ನೀವೇ ಹಾಜರಾಗಿ. ತಡವಾಗಿ ಬಂದರೆ ಕೇಳಲು ಮೇಲೆ ಯಾರೂ ಇರುವುದಿಲ್ಲ. ಆದ್ದರಿಂದಲೇ ತಡ ಮಾಡುವಂತಿಲ್ಲ.