ತಡವರಿಸಿ ಓದುವ ಮಗು ದಡ್ಡ ಅಲ್ಲ

(ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇಳಕಲ್ಲಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ, "ಐದನೇ ಕ್ಲಾಸಿಗೆ ಬಂದ್ರೂ ನನ್ನ ಮಗಗ ಓದು ಬರವಲ್ದರಿ, ಸಾಲಿ ಬಿಡಿಸಿ ಮಗ್ಗಕ್ಕ ಕೂಡಸ್ತೀವಿ" ಅಂದರು. ಅದೇ ಹುಡುಗ ಸೀರೆ ಮಾರಿದ ಲೆಕ್ಕ ಬಾಯಲ್ಲೇ ಹೇಳ್ತಾನಂತ! ಅಂಥವನನ್ನು ದಡ್ಡ ಅನ್ನೋದು ಹ್ಯಾಂಗ?

ಬುದ್ಧಿ ಚುರುಕಿದ್ದರೂ ಅಕ್ಷರಕ್ಕೆ ಧ್ವನಿ ಜೋಡಿಸಿ ಓದುವುದು ಕೆಲವು ಮಕ್ಕಳಿಗೆ ಬಹಳ ಕಷ್ಟ. ಇದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ. ಸೋಮಾರಿತನವಲ್ಲ, ಗ್ರಹಚಾರವೂ ಅಲ್ಲ. ಆದರೆ ನಿಧಾನ ಓದುವ ಎಲ್ಲರಿಗೂ ಇದೇ ಇದೆ ಎನ್ನಬಾರದು. ಮೊದಲು ಕಣ್ಣು, ಕಿವಿ ತೋರಿಸಿರಿ. ನಮ್ಮ ಲಿಪಿಗೂ ಸಮಯ ಬೇಕು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ, ಕನ್ನಡ ಅಕ್ಷರಗಳ ಕಲಿಕೆ ಸುಮಾರು ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಗುಣಿತ, ಒತ್ತು ಎಲ್ಲಾ ಸೇರಿದರೆ ನೂರಾರು ರೂಪಗಳು. 'ಸೂರ್ಯ' ಬರೆದು ನೋಡ್ರಿ. ಅರ್ಕಾವೊತ್ತು ಬರೆಯೋದು ಹಿಂದೆ, ಓದೋದು ಮುಂದೆ! ಒಂದೊಂದೇ ಅಕ್ಷರ ಹಿಡಿಯುವುದರಲ್ಲಿ ಸುಸ್ತಾದ ಮಗುವಿಗೆ ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲು ಮರೆತಿರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡೋಣ? ಮಗುವಿಗೆ ಬಹುಪಾಲು ಓದಲು ಬರುವ ಆರೇಳು ಸಾಲು ಆರಿಸಿರಿ. ಮೊದಲು ದೊಡ್ಡವರು ಪದದ ಕೆಳಗೆ ಬೆರಳಿಟ್ಟು ಓದಬೇಕು, ಆಮೇಲೆ ಇಬ್ಬರೂ ಕೂಡಿ, ಆಮೇಲೆ ಮಗು ಒಂದೇ. ಅದನ್ನೇ ಮೂರ್ನಾಲ್ಕು ಸಲ. ಮರುದಿನವೂ ಅದೇ. "ಬಾಯಿಪಾಠ ಆಗ್ತದಲ್ರಿ" ಅಂತೀರಿ. ಆಗಬಾರದೆಂದೇ ಬೆರಳು, ನಡುವಿನ ಒಂದೆರಡು ಪದ ತೋರಿಸಿಯೂ ಕೇಳಿರಿ. ತಡೆದಲ್ಲಿ ಸ್ವಲ್ಪ ಕಾಯ್ದು ಪದ ಹೇಳಿಕೊಡ್ರಿ, ಬೈಯಬ್ಯಾಡ್ರಿ. ಬಂದ ಬೀಗರ ಮುಂದೆ ಓದಿಸಲೂ ಬ್ಯಾಡ್ರಿ. ಹದಿನೈದು ನಿಮಿಷ ಸಾಕು, ಆದರೆ ದಿನಾ ಆಗಬೇಕು.

ನಮಗೇ ಓದಲು ಬರದಿದ್ದರೆ? ಅಕ್ಕನೋ ಅಣ್ಣನೋ ಓದಿಸಲಿ. ನೀವು ಪಕ್ಕದಲ್ಲಿ ಕುಳಿತು, ಒಂದು ಸಲ ಓದಿದರೆ ಒಂದು ಜೋಳದ ಕಾಳು ಇಡಿರಿ. ಸಂಘದಲ್ಲಿ ಸಹಿ ಕಲಿತಾಗ ನಮ್ಮ ಕೈಯೂ ನಡುಗಿತ್ತಲ್ಲ!

ಇಷ್ಟಾದರೂ ಸುಧಾರಿಸದಿದ್ದರೆ ಗುರುಗಳನ್ನು ಕೇಳಿ, ತಾಲೂಕಿನ ಬಿ.ಆರ್.ಸಿ.ಯಲ್ಲಿರುವ ವಿಶೇಷ ಶಿಕ್ಷಕರನ್ನು ಕಾಣಿರಿ. 1995ರ ಕಾಯ್ದೆಯಲ್ಲಿ ಇಲ್ಲದ ಈ ನ್ಯೂನತೆಯನ್ನು 2016ರ ಕಾಯ್ದೆ 21 ನ್ಯೂನತೆಗಳಲ್ಲಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಅದನ್ನು ಪರೀಕ್ಷೆ ಹತ್ತಿರ ಬಂದಾಗ ಅಲ್ಲ, ಮೊದಲೇ ಮಾಡಿಸಿಕೊಳ್ರಿ.

ಆ ತಾಯಿ ದಸರಾ ತನಕ ಮಗ್ಗದ ಮಾತು ಎತ್ತಂಗಿಲ್ಲ ಅಂದಾರ. ಮುಂದಿನ ಸಭೆಗೆ ಪಾಸ್‌ಬುಕ್ಕಿನ ಜೊತೆ ಮಗನ ಕನ್ನಡ ಪುಸ್ತಕವನ್ನೂ ತರ್ತಾರಂತ.