ಗೃಹಸ್ಥನ ವ್ಯಯ: ಅಂದು, ಇಂದು



ಒಂದು ಮನೆಯ ಖರ್ಚಿನ ಪುಸ್ತಕವನ್ನು ತೆರೆದು ನೋಡಿದರೆ ಆ ಮನೆಯವರ ಬಾಳು ಯಾವ ದಿಕ್ಕಿಗೆ ಸಾಗುತ್ತಿದೆಯೆಂಬುದು ತಿಳಿಯುತ್ತದೆ. ಆದಾಯವು ಹೆಚ್ಚಿದಂತೆಲ್ಲ ಅದರಲ್ಲಿ ಆಹಾರಕ್ಕೆ ಸಲ್ಲುವ ಪಾಲು ಕುಗ್ಗುತ್ತದೆಂದು ಜರ್ಮನಿಯ ಅಂಕಿಅಂಶತಜ್ಞ ಎರ್ನ್ಸ್ಟ್ ಎಂಗೆಲ್ 1857ರಲ್ಲಿಯೇ ತೋರಿಸಿಕೊಟ್ಟರು. ಭಾರತದ ಸಂಸಾರಗಳೂ ಈ ಮಾತಿಗೆ ಹೊರತಾಗಿಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, 1999-2000ರಲ್ಲಿ ಗ್ರಾಮವಾಸಿಯು ವೆಚ್ಚ ಮಾಡಿದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 59 ರೂಪಾಯಿ ಆಹಾರಕ್ಕೇ ಹೋಗುತ್ತಿತ್ತು. 2022-23ರ ವೇಳೆಗೆ ಅದು 46ಕ್ಕೆ ಇಳಿಯಿತು. ಧಾನ್ಯಗಳ ಪಾಲಂತೂ ಸುಮಾರು 22ರಿಂದ 5ಕ್ಕೆ ಇಳಿಯಿತು. ಪಡಿತರದ ಅಗ್ಗದ ಹಾಗೂ ಉಚಿತ ಧಾನ್ಯವೂ ಇದಕ್ಕೊಂದು ಕಾರಣ. ಹಸಿವಿನ ಭಯ ತಗ್ಗಿ, ಹಣ್ಣುಹಂಪಲಿಗೂ ನಾಲ್ಕು ಕಾಸು ಒದಗಿದುದು ಸಂತೋಷದ ಸಂಗತಿಯೇ ಸರಿ.

ಆದರೆ ಉಳಿದ ಹಣವೆಲ್ಲ ಎತ್ತ ಹರಿಯಿತು? ಅದೇ 2022-23ರಲ್ಲಿ ಗ್ರಾಮೀಣ ಸಂಸಾರವು ಪಾನೀಯ, ಉಪಾಹಾರ, ಸಿದ್ಧ ಆಹಾರಗಳಿಗೆ ನೂರಕ್ಕೆ ಒಂಬತ್ತೂವರೆ ರೂಪಾಯಿಗೂ ಮಿಗಿಲಾಗಿ ವ್ಯಯಿಸಿತು; ವಿದ್ಯಾಭ್ಯಾಸಕ್ಕೆ ಮೂರು ರೂಪಾಯಿಗಿಂತ ತುಸು ಹೆಚ್ಚು. ಸುಗ್ಗಿಯಲ್ಲಿ ಕಣಜ ತುಂಬಿಸಿ ವರ್ಷವಿಡೀ ಅಳೆದು ಬಳಸುತ್ತಿದ್ದ ಮನೆಗಳಿಗೆ ಇಂದು ಪೊಟ್ಟಣಗಳು ದಿನದಿನವೂ ಬಂದಿಳಿಯುತ್ತವೆ. ಹಣ ಕೂಡಿಸಿ ಕೊಳ್ಳುವ ವಾಡಿಕೆಯ ಬದಲು, ಮೊದಲು ಕೊಂಡು ಬಳಿಕ ಕಂತಿನಲ್ಲಿ ತೀರಿಸುವ ವಾಡಿಕೆ ಬೆಳೆದಿದೆ. ಬರಲಿರುವ ಸಂಬಳವೇ ಮುಂಗಡವಾಗಿ ಕರಗಿಹೋದ ಮನೆಗೆ ಕಾಯಿಲೆಯೊಂದು ಹೊಕ್ಕರೆ, ಮಕ್ಕಳ ಓದಿನ ಶುಲ್ಕಕ್ಕೂ ಸಾಲವೇ ಗತಿಯಾಗುತ್ತದೆ.

ಈ ಅಪಾಯಕ್ಕೆ ಮದ್ದು ಶ್ರಾವಕನ ವ್ರತಗಳಲ್ಲಿಯೇ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳನ್ನು ಭೋಗವೆಂದೂ, ಮರಳಿ ಮರಳಿ ಬಳಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಪರಿಮಾಣವನ್ನು ವಿಧಿಸುತ್ತದೆ. ಆ ಮಿತಿ ಜೀವಾವಧಿಯದಾದರೆ ಯಮ. ದಿನ, ಪಕ್ಷ, ಮಾಸ, ಋತುಗಳ ಅವಧಿಯದಾದರೆ ನಿಯಮ. ಸಕಲವನ್ನೂ ತ್ಯಜಿಸಲಾರದ ಗೃಹಸ್ಥನಿಗೂ ನಿಯಮವು ಸಾಧ್ಯ.

ತಿಂಗಳ ಮೊದಲ ದಿನ ಮನೆಮಂದಿಯೆಲ್ಲ ಕೂಡಿ ಕುಳಿತು, ಈ ಮಾಸಕ್ಕೆ ಭೋಗವಿಷ್ಟು, ಉಪಭೋಗವಿಷ್ಟು ಎಂದು ಬರೆದಿಟ್ಟು ನಡೆದರೆ, ಅದೇ ವ್ರತಪಾಲನೆ. ಅದೇ ಮನೆಯ ಆಯವ್ಯಯ ಪತ್ರ. ಬೆಲೆಯನ್ನು ಇಳಿಸುವುದು ಗೃಹಸ್ಥನ ಕೈಯಲ್ಲಿಲ್ಲ, ಬಯಕೆಯನ್ನು ಅಳೆಯುವುದು ಅವನ ಕೈಯಲ್ಲಿದೆ. ಹಾಗೆ ಅಳೆದು ಉಳಿಸಿದ ಧನವು ಮಕ್ಕಳ ವಿದ್ಯೆಗೂ, ಆಹಾರ, ಔಷಧ, ಶಾಸ್ತ್ರ ದಾನಗಳಿಗೂ ಸಲ್ಲಲಿ.